ಹೇಳಬೇಕೇ, ಬೇಡವೇ?

ಮಕ್ಕಳೇ, ನಿಮ್ಮ ಶಾಲೆಯಿಂದ ಎರಡು ದಿನದ ಪ್ರವಾಸ ಹೊರಟಿದೆ ಎಂದುಕೊಳ್ಳಿ. ನಿಮ್ಮ ಗೆಳತಿಯೊಬ್ಬಳು ಮಾತ್ರ "ನಾನು ಬರಲ್ಲ" ಎನ್ನುತ್ತಾಳೆ. ಕಾರಣ ಹೇಳುವುದಿಲ್ಲ. ಅವಳಿಗೆ ಮೂರ್ಛೆರೋಗವಿದೆ. ಬೆಳಿಗ್ಗೆ ಮತ್ತು ರಾತ್ರಿ ತಪ್ಪದೆ ಮಾತ್ರೆ ನುಂಗಬೇಕು. ಇದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಟೀಚರಿಗೆ ಹೇಳಿ ಕಳಿಸೋಣ" ಎನ್ನುತ್ತಾರೆ ಅಪ್ಪ. "ಬೇಡಪ್ಪ, ಊರಿಗೆಲ್ಲ ಗೊತ್ತಾದರೆ ಮಗು ಪಕ್ಕದಲ್ಲಿ ಯಾರೂ ಕೂರಲ್ಲ" ಎನ್ನುತ್ತಾರೆ ಅಜ್ಜಿ. ಇಬ್ಬರಿಗೂ ಮಗುವಿನ ಮೇಲೆ ಪ್ರೀತಿಯೇ. ಹಾಗಾದರೆ ಯಾರ ಮಾತು ಸರಿ? ಮೊದಲು ಈ ರೋಗ ಏನೆಂದು ತಿಳಿಯೋಣ.

ಮೆದುಳಿನಲ್ಲಿ ಏನಾಗುತ್ತದೆ?

ನಮ್ಮ ಮೆದುಳಿನಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ಅವು ಬಹಳ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ತರಗತಿಯಲ್ಲಿ ಒಬ್ಬೊಬ್ಬರಾಗಿ ಮಾತನಾಡಿದರೆ ಪಾಠ ನಡೆಯುತ್ತದೆ. ಎಲ್ಲರೂ ಒಟ್ಟಿಗೆ ಕೂಗಿದರೆ? ಹಾಗೆಯೇ ಬಹಳಷ್ಟು ನರಕೋಶಗಳು ಒಮ್ಮೆಲೇ ಸಂಕೇತ ಹೊರಡಿಸಿದಾಗ ಸೆಳವು, ಅಂದರೆ ಫಿಟ್ಸ್ ಬರುತ್ತದೆ. ಕೆಲವರು ಬಿದ್ದು ಕೈಕಾಲು ಅದುರಿಸುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನೆ ದಿಟ್ಟಿಸುತ್ತಾರೆ ಅಷ್ಟೆ.

ಮನುಷ್ಯರ ಮೆದುಳಿನ ವಿದ್ಯುತ್ ಅಲೆಗಳನ್ನು 1924ರಲ್ಲಿ ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್. ಈಗ ಆಸ್ಪತ್ರೆಗಳಲ್ಲಿ ಮಾಡುವ ಇ.ಇ.ಜಿ. ಪರೀಕ್ಷೆ ಇದೇ.

ಈ ರೋಗ ದೆವ್ವದಿಂದಾಗಲಿ ಶಾಪದಿಂದಾಗಲಿ ಬರುವುದಿಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಅಂಟುವುದಿಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದು ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ 100ಕ್ಕೆ 70 ಮಂದಿಯವರೆಗೆ ಸೆಳವಿಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಜ್ಜಿಗೆ ಏಕೆ ಭಯ?

ಅಜ್ಜಿಯ ಭಯ ಸುಳ್ಳಲ್ಲ. ಈ ರೋಗ ಇದ್ದವರನ್ನು ಜನ ದೂರ ಇಟ್ಟದ್ದನ್ನು ಅವರು ಕಂಡಿದ್ದಾರೆ. ಹಿಂದೂ ವಿವಾಹ ಕಾಯ್ದೆಯಲ್ಲೂ ಹಿಂದೆ ಇದನ್ನು ಮದುವೆಗೆ ಅಡ್ಡಿಯೆಂದು ಬರೆದಿತ್ತು. 1999ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು.

ಆದರೆ ಮುಚ್ಚಿಟ್ಟರೂ ಅಪಾಯವಿದೆ. ಮಾತ್ರೆ ತಪ್ಪಿದರೆ ಸೆಳವು ಬರಬಹುದು. ಕೆರೆ, ಬಾವಿ, ಒಲೆಯ ಹತ್ತಿರ ಒಬ್ಬಳೇ ಇದ್ದಾಗ ಬಂದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಊರಿಗೆಲ್ಲ ಸಾರಬೇಕಿಲ್ಲ; ಹತ್ತಿರ ಇರುವವರಿಗೆ ಹೇಳಿದರೆ ಸಾಕು. ತರಗತಿಯ ಟೀಚರಿಗೆ ತಿಳಿದಿರಬೇಕು. ಬೇರೆ ಯಾರಿಗೆ ಹೇಳಬೇಕು ಎಂಬುದನ್ನು ಮನೆಯವರು ಮಗುವನ್ನೂ ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಸೆಳವು ಬಂದಾಗ

1. ಗಾಬರಿಯಾಗದೆ ದೊಡ್ಡವರನ್ನು ಕರೆಯಿರಿ. ಗಡಿಯಾರ ನೋಡಿ.
2. ಕಲ್ಲು, ಬೆಂಚು ಇದ್ದರೆ ಸರಿಸಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ.
3. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ.
4. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ.
5. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ, ಅದರಿಂದ ಪ್ರಯೋಜನವಿಲ್ಲ.
6. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿಸಿ.

ನಿಮ್ಮ ಪಾಲು

ಗೆಳತಿ ನಿಮ್ಮನ್ನು ನಂಬಿ ವಿಷಯ ಹೇಳಿದರೆ ಅದನ್ನು ಇನ್ನೊಬ್ಬರಿಗೆ ಹೇಳುತ್ತಾ ಹೋಗಬೇಡಿ. ಅಡ್ಡಹೆಸರಿಟ್ಟು ಕರೆಯಬೇಡಿ. ಎಂದಿನಂತೆ ಪಕ್ಕದಲ್ಲಿ ಕುಳಿತು ಬಿಸಿಯೂಟ ಮಾಡಿ. ಪ್ರವಾಸದ ರಾತ್ರಿ "ಮಾತ್ರೆ ತಗೊಂಡ್ಯಾ?" ಎಂದು ಮೆಲ್ಲಗೆ ಕೇಳಿ. ನೀವು ಹೀಗಿದ್ದರೆ ಅಜ್ಜಿಯ ಭಯ ತಾನಾಗಿ ಕಡಿಮೆಯಾಗುತ್ತದೆ, ಅಲ್ಲವೇ?

ಚರ್ಚಿಸಿ: ಆ ಹುಡುಗಿಯ ಜಾಗದಲ್ಲಿ ನೀವಿದ್ದರೆ ಯಾರಿಗೆ ಹೇಳುತ್ತಿದ್ದಿರಿ? ಏಕೆ?