ರಕ್ತ ಒರೆಸುವ ಕೈಗಳು

ಶಾಲೆಯಲ್ಲಿ ಮಗುವಿಗೆ ಗಾಯವಾಗಿ ರಕ್ತ ಬಂದಾಗ ಮೊದಲು ಓಡಿ ಬರುವವರು ನರ್ಸ್ ಅಲ್ಲ. ಊಟದ ಹೊತ್ತಿನಲ್ಲಿ ಮೈದಾನ ಕಾಯುವ ಲಂಚ್ ಏಡ್, ಬಸ್ಸಿನಲ್ಲಿ ಮಕ್ಕಳಿಗೆ ಬೆಲ್ಟ್ ಹಾಕುವವರು, ವಿಶೇಷ ಮಕ್ಕಳ ತರಗತಿಯ ಸಹಾಯಕಿ, ಎಲ್ಲ ಮುಗಿದ ಮೇಲೆ ಬಕೆಟ್ ಹಿಡಿದು ಬರುವ ಕಸ್ಟೋಡಿಯನ್. ಸಂಬಳದ ಪಟ್ಟಿಯಲ್ಲಿ ಕೆಳಗಿರುವವರೇ ರಕ್ತಕ್ಕೆ ಹತ್ತಿರ ಇರುತ್ತಾರೆ. ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ‘ಪ್ಯಾರಾ’ ಆಗಿ, ಅಂದರೆ ವಿಶೇಷ ತರಗತಿಯ ಸಹಾಯಕಿಯಾಗಿ ದುಡಿಯುತ್ತ ನಾನು ಕಲಿತದ್ದೆಲ್ಲ ಈ ಮಾತಿನ ಸುತ್ತಲೇ ಇದೆ.

ಇಲ್ಲಿ ಈ ಕೆಲಸದಲ್ಲಿ ಕನ್ನಡದ ಹೆಂಗಸರೂ ಇದ್ದಾರೆ. ತಮ್ಮ ಮಕ್ಕಳ ರಜೆಯೂ ತಮ್ಮ ರಜೆಯೂ ಒಟ್ಟಿಗೇ ಬರುತ್ತದೆ ಎಂಬುದು ದೊಡ್ಡ ಅನುಕೂಲ. ಸೇರಿದ ಹೊಸತರಲ್ಲಿ ಕೈಗೆ ಬರುವ ಕಾಗದಗಳ ಕಟ್ಟಿನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಫಾರ್ಮ್ ಒಂದಿರುತ್ತದೆ. ಬೇಕು ಎನ್ನಬಹುದು, ಬೇಡ ಎಂದು ಸಹಿ ಹಾಕಲೂಬಹುದು. ‘ನಾವೇನು ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀವಾ?’ ಎಂದುಕೊಂಡು ಬೇಡ ಎನ್ನುವವರನ್ನು ಕಂಡಿದ್ದೇನೆ.

ಹಾಗೆ ಸಹಿ ಹಾಕಿದವರಲ್ಲಿ ತುಮಕೂರು ಕಡೆಯವರೊಬ್ಬರಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಅವರ ತರಗತಿಯ ಹುಡುಗನಿಗೆ ಮಾತು ಬಾರದು. ಗದ್ದಲ ಸಹಿಸಲಾರದಷ್ಟು ಹೆಚ್ಚಾದಾಗ ಸಿಕ್ಕಿದ್ದನ್ನು ಕಚ್ಚುತ್ತಾನೆ. ಅಗ್ನಿಶಾಮಕ ಅಭ್ಯಾಸದ ಗಂಟೆ ಬಾರಿಸಿದ ದಿನ ಅವನ ಹಲ್ಲಿಗೆ ಸಿಕ್ಕಿದ್ದು ಅಕ್ಕನ ಮುಂಗೈ. ಚರ್ಮ ಹರಿದು ರಕ್ತ ಬಂತು. ಅವನ ಒಸಡಿನಲ್ಲೂ ರಕ್ತವಿತ್ತು.

ನರ್ಸ್ ಮಾಡಿದ್ದು ಸರಳ ಕೆಲಸ, ಆದರೆ ಒಂದಾದ ಮೇಲೊಂದು ತಡವಿಲ್ಲದೆ ನಡೆಯಿತು. ಅಕ್ಕನ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ ಸೋಪು ಹಾಕಿ ಚೆನ್ನಾಗಿ ತೊಳೆಸಿದರು. ಗಾಯವನ್ನು ಹಿಂಡಲು ಬಿಡಲಿಲ್ಲ. ಯಾರಿಗೆ, ಎಲ್ಲಿ, ಹೇಗೆ ಆಯಿತು ಎಂದು ಬರೆದು ಅಂದೇ ವೈದ್ಯರ ಬಳಿಗೆ ಕಳಿಸಿದರು. ಆಮೇಲೆ ಹುಡುಗನ ತಾಯಿಗೆ ಫೋನ್ ಮಾಡಿ, ಅವನನ್ನೂ ವೈದ್ಯರಿಗೆ ತೋರಿಸಬೇಕು ಎಂದರು. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಕಚ್ಚಿದ ಮಗುವಿನ ಬಾಯಿಗೆ ಕಚ್ಚಿಸಿಕೊಂಡವರ ರಕ್ತ ಹೋಗಿರುತ್ತದೆ. ಅಪಾಯ ಎರಡೂ ಕಡೆಗಿದೆ.

ಅಡ್ಡಿ ಬಂದದ್ದು ಕಚೇರಿಯಿಂದ. ‘ಶನಿವಾರ ನಿಮ್ಮ ಇನ್ಶೂರೆನ್ಸ್‌ನಲ್ಲೇ ತೋರಿಸಿಕೊಳ್ಳಿ’ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ಅಕ್ಕ ಒಪ್ಪಲಿಲ್ಲ. ‘ನೋಡು, ಇದು ನನ್ನ ಖರ್ಚಲ್ಲ, ಅವರ ಜವಾಬ್ದಾರಿ’ ಎಂದು ಕೆಲಸದಲ್ಲಿ ರಕ್ತ ತಗಲುವುದರ ಬಗೆಗಿನ ನಿಯಮದ ಪ್ರತಿಯನ್ನು ನನ್ನೆದುರು ಬಿಡಿಸಿ ತೋರಿಸಿದರು. ಅವರು ಹೇಳಿದ್ದು ಸರಿ. ರಕ್ತ ತಗಲಿದ ಮೇಲಿನ ತಪಾಸಣೆ, ಪರೀಕ್ಷೆ, ಲಸಿಕೆ ಯಾವುದಕ್ಕೂ ನೌಕರರು ಹಣ ಕೊಡಬೇಕಿಲ್ಲ. ಮೊದಲು ಬೇಡ ಎಂದು ಸಹಿ ಹಾಕಿದವರೂ ಅದೇ ಕೆಲಸದಲ್ಲಿರುವವರೆಗೆ ಮನಸ್ಸು ಬದಲಿಸಿ ಲಸಿಕೆ ಕೇಳಬಹುದು. ಹುಡುಗನ ರಕ್ತಪರೀಕ್ಷೆಗೆ ತಂದೆತಾಯಿ ಒಪ್ಪಿದರು. ಫಲಿತಾಂಶ ಅಕ್ಕನಿಗೆ ತಿಳಿಯಿತು, ಶಾಲೆಗೆ ತಿಳಿಯಲಿಲ್ಲ. ನಿಯಮ ಇರುವುದೇ ಹಾಗೆ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಎಚ್‌ಐವಿ. ಅಂಕಿಗಳು ಬೇರೆಯೇ ಹೇಳುತ್ತವೆ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 0.3%. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 6ರಿಂದ 30%. ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಉಳಿಯಬಲ್ಲದು, ಬೆಂಚಿನ ಅಂಚಿನಲ್ಲಿ ಕಪ್ಪಾದ ಕಲೆಯಲ್ಲೂ ಕೂಡ. ಕಚ್ಚುವಿಕೆಯಿಂದ ಬಿ ಹರಡಿದ ದಾಖಲೆಗಳಿವೆ. ಎಚ್‌ಐವಿ ಹಾಗೆ ಹರಡುವುದು ತೀರ ಅಪರೂಪ. ಹೆಪಟೈಟಿಸ್ ಸಿ‌ಗೆ ಲಸಿಕೆಯಿಲ್ಲ, ಆದರೆ ಎರಡು ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ. ಹೆಚ್ಚು ಸುಲಭವಾಗಿ ಅಂಟುವ ಬಿ‌ಗೇ ಒಳ್ಳೆಯ ಲಸಿಕೆ ಇದೆ. ಇದ್ದೂ ಅದು ನೌಕರರ ತೋಳಿಗೆ ತಲುಪದಿರುವುದು ನನ್ನನ್ನು ಕಾಡುತ್ತದೆ.

ಬಿ‌ಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಒಂದು ಪಾಲು ಬಂದದ್ದು ಶಾಲೆ ಎಂಬ ಹೆಸರು ಹೊತ್ತ ಜಾಗದಿಂದಲೇ. ನ್ಯೂಜೆರ್ಸಿಯ ಪಕ್ಕದ ಸ್ಟೇಟನ್ ಐಲೆಂಡಿನಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ನ್ಯೂಯಾರ್ಕ್ ರಾಜ್ಯ ನಡೆಸುತ್ತಿದ್ದ ವಿಲೋಬ್ರೂಕ್ ಸ್ಟೇಟ್ ಸ್ಕೂಲ್ ಇತ್ತು. ಸುಮಾರು 4,000 ಮಂದಿಗೆಂದು ಕಟ್ಟಿದ ಆ ಜಾಗದಲ್ಲಿ 1960ರ ದಶಕದಲ್ಲಿ 6,000ಕ್ಕೂ ಹೆಚ್ಚು ಮಂದಿಯನ್ನು ತುಂಬಿದ್ದರು. ಹೆಪಟೈಟಿಸ್ ಅಲ್ಲಿ ಮನೆ ಮಾಡಿತ್ತು. ನೋಡಿಕೊಳ್ಳುವ ನೌಕರರಿಗೂ ಬರುತ್ತಿತ್ತು. ಡಾ. ಸಾಲ್ ಕ್ರುಗ್‌ಮನ್ ಅವರ ತಂಡ 1950ರ ದಶಕದಿಂದ ಅಲ್ಲಿ ಅಧ್ಯಯನ ನಡೆಸಿತು. ಎರಡು ಬಗೆಯ ಹೆಪಟೈಟಿಸ್ ಇದೆ, ಒಂದು ರಕ್ತದಿಂದಲೂ ನಿಕಟ ಸಂಪರ್ಕದಿಂದಲೂ ಹರಡುತ್ತದೆ ಎಂದು ಗುರುತಿಸಿತು. ಆ ಅರಿವಿಗಾಗಿ ಮಕ್ಕಳಿಗೆ ಬೇಕೆಂದೇ ಸೋಂಕು ತಗಲಿಸಲಾಯಿತು. ಅದನ್ನು ಕ್ಷಮಿಸಲು ನನಗೆ ಕಾರಣ ಸಿಕ್ಕಿಲ್ಲ. 1972ರಲ್ಲಿ ಟಿವಿ ವರದಿಗಾರ ಜೆರಾಲ್ಡೊ ರಿವೇರಾ ಅಲ್ಲಿನ ನರಕವನ್ನು ದೇಶಕ್ಕೆ ತೋರಿಸಿದರು. 1975ರಲ್ಲಿ ನ್ಯಾಯಾಲಯದ ಒಪ್ಪಂದವಾಯಿತು, ಮಕ್ಕಳು ಹಂತಹಂತವಾಗಿ ಹೊರಬಂದು ಸಾಮಾನ್ಯ ಶಾಲೆಗಳಿಗೆ ಸೇರತೊಡಗಿದರು.

ಅಷ್ಟರಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಣ ಮಂಡಳಿ ಬೇರೆ ದಾರಿ ಹಿಡಿಯಿತು. ವಿಲೋಬ್ರೂಕ್‌ನಿಂದ ಬಂದವರಲ್ಲಿ ಬಿ ವೈರಸ್ ಇರುವ ಮಕ್ಕಳನ್ನು ಬೇರೆ ತರಗತಿಗಳಲ್ಲಿ ಕೂರಿಸಲು ಹೊರಟಿತು. ಶಿಕ್ಷಕರ, ಸಹಾಯಕರ ಭಯ ಸುಳ್ಳೇನೂ ಆಗಿರಲಿಲ್ಲ. ಲಸಿಕೆಯಿನ್ನೂ ಬಂದಿರಲಿಲ್ಲ, ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿದ್ದು 1981ರಲ್ಲಿ. ಆದರೂ 1979ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಮಂಡಳಿಯ ಯೋಜನೆಯನ್ನು ಒಪ್ಪಲಿಲ್ಲ. ತರಗತಿಯಲ್ಲಿ ಗಣನೀಯ ಅಪಾಯವಿದೆ ಎಂದು ಮಂಡಳಿ ತೋರಿಸಿಕೊಡಲಾಗಲಿಲ್ಲ ಎಂಬುದು ತೀರ್ಪಿನ ತಿರುಳು. ಆರೇಳು ವರ್ಷಗಳ ನಂತರ ಇಂಡಿಯಾನಾದಲ್ಲಿ ಹಿಮೋಫಿಲಿಯಾ ಇದ್ದ ಹುಡುಗ ರಯಾನ್ ವೈಟ್‌ನನ್ನು ಎಚ್‌ಐವಿ ಕಾರಣಕ್ಕೆ ಶಾಲೆಯಿಂದ ದೂರವಿಟ್ಟಾಗಲೂ ಅದೇ ಜಗಳ ಮರುಕಳಿಸಿತು.

ಈಗಲೂ ಸಹೋದ್ಯೋಗಿಗಳು ಕೇಳುತ್ತಾರೆ: ಯಾವ ಮಗುವಿಗೆ ಏನಿದೆ ಎಂದು ನಮಗೆ ಮೊದಲೇ ಹೇಳಬಾರದೇ? ಹೇಳಬಾರದು ಎಂಬುದೇ ನನ್ನ ನಿಲುವು. ಬಿ, ಸಿ, ಎಚ್‌ಐವಿ ಮೂರೂ ವರ್ಷಗಟ್ಟಲೆ ಲಕ್ಷಣವಿಲ್ಲದೆ ಇರಬಲ್ಲವು. ಅನೇಕರಿಗೆ ತಮಗಿರುವುದೇ ತಿಳಿದಿರುವುದಿಲ್ಲ. ಪಟ್ಟಿಯಲ್ಲಿ ಹೆಸರಿರುವ ಮಗುವನ್ನು ದೂರವಿಟ್ಟು, ಹೆಸರಿಲ್ಲದ ಮಗುವಿನ ಗಾಯವನ್ನು ಬರಿಗೈಯಲ್ಲಿ ಒರೆಸಿದರೆ ಯಾರಿಗೂ ರಕ್ಷಣೆಯಿಲ್ಲ. ಎಲ್ಲರ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಕಾಣಬೇಕು ಎಂಬ ಪದ್ಧತಿ ಇದಕ್ಕೇ ಬಂತು. ಅದು ನೌಕರರನ್ನೂ ಕಾಯುತ್ತದೆ, ಮಗುವಿನ ಮಾನವನ್ನೂ ಕಾಯುತ್ತದೆ.

ಈ ಪದ್ಧತಿಗೆ ಕಾನೂನಿನ ಬಲ ಬಂದದ್ದು 1991ರ ಡಿಸೆಂಬರ್‌ನಲ್ಲಿ. ಅಮೆರಿಕದ ಕಾರ್ಮಿಕ ಇಲಾಖೆಯಡಿಯ ಓಶಾ ಸಂಸ್ಥೆ ಹೊರಡಿಸಿದ ನಿಯಮದಂತೆ, ಕೆಲಸದಲ್ಲಿ ರಕ್ತ ತಗಲುವ ಸಂಭವವಿರುವವರಿಗೆ ಸೇರಿದ 10 ಕೆಲಸದ ದಿನಗಳೊಳಗೆ ಲಸಿಕೆಯನ್ನು ಉಚಿತವಾಗಿ ಕೊಡಮಾಡಬೇಕು. ಗ್ಲೌಸ್, ಸೂಜಿ ಡಬ್ಬಿ ಒದಗಿಸಬೇಕು, ವರ್ಷಕ್ಕೊಮ್ಮೆ ತರಬೇತಿ ಕೊಡಬೇಕು. ಆರೋಗ್ಯ ಕಾರ್ಯಕರ್ತರಲ್ಲಿ 1983ರಲ್ಲಿ ವರ್ಷಕ್ಕೆ ಸುಮಾರು 17,000 ಎಂದು ಅಂದಾಜಿಸಿದ್ದ ಬಿ ಸೋಂಕುಗಳು 1995ರ ಹೊತ್ತಿಗೆ 400ಕ್ಕೆ ಇಳಿದವು. ಲಸಿಕೆ ಮತ್ತು ಎಚ್ಚರಿಕೆ ಎರಡೂ ಸೇರಿ ಮಾಡಿದ ಕೆಲಸವದು.

ಶಾಲೆಗಳಿಗೆ ಬಂದರೆ ನಿಯಮದಲ್ಲಿ ತೂತುಗಳಿವೆ. ಫೆಡರಲ್ ಓಶಾ ರಾಜ್ಯ, ಸ್ಥಳೀಯ ಸರ್ಕಾರಗಳ ನೌಕರರಿಗೆ ಅನ್ವಯಿಸುವುದಿಲ್ಲ. ನ್ಯೂಜೆರ್ಸಿ ತನ್ನದೇ ‘ಪಿಯೋಶ್’ ಕಾರ್ಯಕ್ರಮದ ಮೂಲಕ ಸರ್ಕಾರಿ ಶಾಲೆಯವರನ್ನು ಈ ನಿಯಮದೊಳಗೆ ತಂದಿದೆ. ಫ್ಲಾರಿಡಾದಲ್ಲಿ ಅಂಥ ಕಾರ್ಯಕ್ರಮವಿಲ್ಲ. ಇನ್ನೊಂದು: ಪ್ರಥಮ ಚಿಕಿತ್ಸೆ ಮುಖ್ಯ ಕೆಲಸವಲ್ಲದ ನೌಕರರಿಗೆ, ಘಟನೆ ನಡೆದ 24 ಗಂಟೆಯೊಳಗೆ ಲಸಿಕೆ ಕೊಟ್ಟರೂ ಸಾಕು ಎಂಬ ಸಡಿಲಿಕೆಯಿದೆ. ಅದಕ್ಕೆ ಆ ದಿನದ ಕೆಲಸ ಮುಗಿಯುವುದರೊಳಗೆ ಘಟನೆಯನ್ನು ವರದಿ ಮಾಡಿರಬೇಕು. ಮಗುವಿನ ಮೂಗಿನ ರಕ್ತ ಒರೆಸಿ ಮನೆಗೆ ಹೋಗುವ ಶಿಕ್ಷಕಿ ವರದಿ ಬರೆಯುವುದು ಕಡಿಮೆ.

ತರಬೇತಿಯ ಕಥೆಯೂ ಅಷ್ಟೇ. ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರಿನಲ್ಲಿ ಒಂದು ವಿಡಿಯೋ, ಕೊನೆಗೆ ನಾಲ್ಕು ಪ್ರಶ್ನೆ, ಸರ್ಟಿಫಿಕೇಟು. ನೌಕರರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು, ಕಲಿಸುವವರನ್ನು ಪ್ರಶ್ನೆ ಕೇಳಲು ಅವಕಾಶವಿರಬೇಕು ಎಂದು ನಿಯಮದಲ್ಲೇ ಇದೆ. ನಮ್ಮಲ್ಲಿ ಒಂದು ವರ್ಷ ನರ್ಸ್ ಸ್ವತಃ ಕೂತು ಕಲಿಸಿದರು. ಸ್ಪ್ಯಾನಿಷ್ ಮಾತಾಡುವ ಕಸ್ಟೋಡಿಯನ್ ಅಂದು ಕೇಳಿದ ಪ್ರಶ್ನೆಗಳೇ ಎಲ್ಲರಿಗೂ ಪಾಠವಾದವು. ಹುಡುಗಿಯರ ಶೌಚಾಲಯದ ಪ್ಯಾಡಿನ ಡಬ್ಬಿಗೆ ಒಳಚೀಲ ಹಾಕಿರದಿದ್ದರೆ ಕೈ ಹಾಕಿಯೇ ತೆಗೆಯಬೇಕಾಗುತ್ತದಲ್ಲ ಎಂದರು ಅವರು. ಕಸದ ಚೀಲವನ್ನು ಕೈಯಿಂದ ಒತ್ತಬಾರದು, ಒಳಗೆ ಸಕ್ಕರೆ ಕಾಯಿಲೆಯ ಮಗುವಿನ ಸೂಜಿ ಇದ್ದೀತು ಎಂಬುದೂ ಅಂದೇ ಚರ್ಚೆಗೆ ಬಂತು. ಅಂದಿನಿಂದ ಎಲ್ಲ ಡಬ್ಬಿಗಳಿಗೂ ಒಳಚೀಲ ಬಂತು.

ಕೈಗೆ ಹತ್ತಿದ ಅಭ್ಯಾಸಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಮಗುವಿನ ಕೈಯನ್ನೇ ಬಳಸುವುದು. ಮೂಗಿನಲ್ಲಿ ರಕ್ತ ಬಂದರೆ ಟಿಶ್ಯೂ ಕೊಟ್ಟು, ‘ನೀನೇ ಹಿಡ್ಕೊ, ಸ್ವಲ್ಪ ಮುಂದಕ್ಕೆ ಬಾಗು’ ಎನ್ನುವುದು. ಐದು ವರ್ಷದ ಮಗುವೂ ಮೂಗು ಒತ್ತಿ ಹಿಡಿಯಬಲ್ಲದು. ಅಷ್ಟರಲ್ಲಿ ನಾವು ಗ್ಲೌಸ್ ಹಾಕಿಕೊಳ್ಳುವಷ್ಟು ಸಮಯ ಸಿಗುತ್ತದೆ, ಮಗುವೂ ಗಾಬರಿ ಮರೆಯುತ್ತದೆ. ಗ್ಲೌಸ್ ನರ್ಸ್ ಕೋಣೆಯ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ, ಸೊಂಟದ ಚೀಲದಲ್ಲೇ ಇರಬೇಕು. ತೆಗೆಯುವಾಗ ಒಳಗು ಹೊರಗಾಗುವಂತೆ ಸುಲಿದು ತೆಗೆದು, ಆಮೇಲೂ ಕೈ ತೊಳೆಯಬೇಕು. ಒಡೆದ ಗಾಜನ್ನು ಗ್ಲೌಸ್ ಹಾಕಿದ ಕೈಯಿಂದಲೂ ಎತ್ತಬಾರದು. ಪೊರಕೆ, ಮೊರ ಬೇಕು. ಕಚ್ಚುವ ಮಕ್ಕಳ ಜತೆ ಕೆಲಸ ಮಾಡುವವರಿಗೆ ಕೆವ್ಲಾರ್ ನೂಲಿನ ತೋಳುಗವಸು ಸಿಗುತ್ತದೆ. ಅದಕ್ಕಿಂತ ಮೊದಲು ಗಂಟೆಯ ಸದ್ದಿಗೆ ಹೆದರುವ ಹುಡುಗನಿಗೆ ಕಿವಿಮುಚ್ಚುಗೆ ಸಿಗಬೇಕು. ಅಕ್ಕನ ಹುಡುಗನಿಗೆ ಅದು ಸಿಕ್ಕಿತು, ಅಭ್ಯಾಸದ ದಿನ ಮೊದಲೇ ಅವನನ್ನು ಹೊರಗೆ ಕರೆದೊಯ್ಯುವ ಏರ್ಪಾಡೂ ಆಯಿತು.

ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುವ ನನ್ನ ತಂಗಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿರುತ್ತೇನೆ. ಅವಳ ಶಾಲೆಯಲ್ಲಿ ನರ್ಸ್ ಇಲ್ಲ. ಕಬಡ್ಡಿಯಲ್ಲಿ ಮೊಣಕಾಲು ತರಚಿದರೆ ಪಿಟಿ ಮೇಷ್ಟ್ರು ನೋಡುತ್ತಾರೆ, ನೆಲ ಒರೆಸುವವರು ಅಡುಗೆಯ ಅಮ್ಮಂದಿರು. ಗಾಯಕ್ಕೆ ಕಾಫಿಪುಡಿ ಮೆತ್ತುವುದು ಇನ್ನೂ ನಿಂತಿಲ್ಲ. ಭಾರತದಲ್ಲಿ ಮಕ್ಕಳ ಹೆಪಟೈಟಿಸ್ ಬಿ ಲಸಿಕೆ ದೇಶವ್ಯಾಪಿಯಾದದ್ದು 2011ರಲ್ಲಿ. ಹಾಗಾಗಿ ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡವರನ್ನು ಬಿಟ್ಟರೆ ಇಂದಿನ ಶಿಕ್ಷಕರಿಗೂ ಅಡುಗೆಯವರಿಗೂ ಆ ರಕ್ಷಣೆಯಿಲ್ಲ. 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ, ರಕ್ತ ತಗಲುವ ಗಣನೀಯ ಅಪಾಯವಿರುವ ಕೆಲಸದ ಜಾಗಗಳಲ್ಲಿ ರಕ್ಷಣಾ ಸಾಧನ, ತರಬೇತಿ, ತಗಲಿದ ಮೇಲಿನ ಔಷಧ ಕೊಡಬೇಕೆನ್ನುತ್ತದೆ. ಆ ಔಷಧವನ್ನು 72 ಗಂಟೆಯೊಳಗೆ, ಆದಷ್ಟು ಮೊದಲ ಎರಡು ಗಂಟೆಯಲ್ಲೇ ಶುರುಮಾಡಬೇಕು. ಆದರೆ ಕಾಯ್ದೆ ಓದಿದವರಿಗೆ ಕಣ್ಣ ಮುಂದೆ ಬರುವುದು ಆಸ್ಪತ್ರೆ, ಶಾಲೆಯಲ್ಲ.

ತಂಗಿ ತನ್ನ ಕೈಲಾದದ್ದನ್ನು ಶುರುಮಾಡಿದ್ದಾಳೆ. ಪ್ರತಿ ಮಹಡಿಯಲ್ಲೂ ಒಂದು ಡಬ್ಬಿ: ಗ್ಲೌಸ್, ಹಳೆಯ ಪತ್ರಿಕೆ, ಸೋಪು, ದಪ್ಪ ಚೀಲ. ರಕ್ತ ಬಿದ್ದ ಜಾಗಕ್ಕೆ ಪತ್ರಿಕೆ ಮುಚ್ಚಿ, ಲೀಟರ್ ನೀರಿಗೆ ಮೂವತ್ತು ಗ್ರಾಂನಷ್ಟು ಬ್ಲೀಚಿಂಗ್ ಪೌಡರ್ ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು ಒರೆಸುವುದನ್ನು ಅಡುಗೆಯ ಅಮ್ಮಂದಿರಿಗೆ ಮಾಡಿ ತೋರಿಸಿದಳು. ದ್ರಾವಣವನ್ನು ದಿನಾ ಹೊಸದಾಗಿ ಕಲೆಸಬೇಕು, ಟಾಯ್ಲೆಟ್ ಆಸಿಡ್ ಜತೆ ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ ಎಂದೂ ಹೇಳಿದಳು. ಲಸಿಕೆಯ ಮಾತು ಬಂದಾಗ ‘ಮೇಡಂ, ಆ ಸೂಜಿ ನಮಗೂ ಹಾಕಿಸ್ತಾರಾ?’ ಎಂದು ಒಬ್ಬರು ಕೇಳಿದರಂತೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಅವಳು ಬರೆದಿಟ್ಟ ಅರ್ಜಿಯಲ್ಲಿ ಮೊದಲ ಬೇಡಿಕೆಯೇ ಅದು. ಅಡುಗೆಯವರು, ಪಿಟಿ ಮೇಷ್ಟ್ರು, ಕಸ ಗುಡಿಸುವವರು, ಈ ಕ್ರಮದಲ್ಲಿ, ಮೂರು ಡೋಸ್ ಲಸಿಕೆ.