ಐ7 ಸ್ಟಿಕ್ಕರ್‌ಗೆ ಮರುಳಾಗಬೇಡಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಲ್ಯಾಪ್‌ಟಾಪ್ ಹುಡುಕಲು ಹೊರಟಿದ್ದೀರಾ? ಅಂಗಡಿಯವರು ‘ಐ7 ಸರ್’ ಎಂದು ಸ್ಟಿಕ್ಕರ್ ತೋರಿಸಿದರೆ ಅದರ ಪಕ್ಕದ ಅಂಕಿಗಳನ್ನು ಕೇಳಿ. ಅಸಲಿ ಜಾತಕ ಇರುವುದು ಅಲ್ಲಿ.

2016ರ ಐ7-7500ಯು ಮತ್ತು 2017ರ ಐ5-8250ಯು, ಈ ಎರಡನ್ನೇ ನೋಡಿ. ಹೆಸರಿಗೆ ಮೊದಲನೆಯದು ದೊಡ್ಡದು. ಆದರೆ ಅದರಲ್ಲಿರುವುದು 2 ಕೋರ್, ಐ5ನಲ್ಲಿ 4. ಕ್ಯಾಶ್ ಅಲ್ಲಿ 4 ಎಂಬಿ, ಇಲ್ಲಿ 6. ಗರಿಷ್ಠ ವೇಗದಲ್ಲಿ ಮಾತ್ರ ಐ7 ಕೂದಲೆಳೆಯಷ್ಟು ಮುಂದೆ: 3.5 ಗಿಗಾಹರ್ಟ್ಸ್, ಐ5ನದ್ದು 3.4. ಪತ್ರ ಟೈಪ್ ಮಾಡುವಾಗ ವ್ಯತ್ಯಾಸ ತಿಳಿಯದು. ಝೂಮ್ ಮೀಟಿಂಗ್, ಹತ್ತಾರು ಬ್ರೌಸರ್ ಟ್ಯಾಬ್, ಹಿಂದೆ ಆಂಟಿವೈರಸ್ ಎಲ್ಲ ಒಟ್ಟಿಗೆ ಓಡಿದಾಗ 2 ಕೋರ್ ಏದುಸಿರು ಬಿಡುತ್ತದೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ನಿರ್ಣಾಯಕ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿರುವ ಪ್ರೊಸೆಸರ್‌ಗಳಲ್ಲಿ 8250ಯು ಇದೆ, 7500ಯು ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೋ 2025ರ ಅಕ್ಟೋಬರ್‌ನಲ್ಲೇ ಮುಗಿಯಿತು. ಲಿನಕ್ಸ್ ಹಾಕಿಕೊಳ್ಳುವವರಿಗೆ ಈ ತಲೆನೋವಿಲ್ಲ; ಅಗ್ಗಕ್ಕೆ ಸಿಕ್ಕರೆ 7500ಯು ಕೂಡ ನಡೆಯುತ್ತದೆ.

ಹಾಗೆಂದು 8250ಯು ಕಂಡೊಡನೆ ದುಡ್ಡು ಎಣಿಸಬೇಡಿ. ತೆಳು ಮೈಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಿಸಿಯೇರಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂಗಡಿಯಲ್ಲೇ ಒಂದಷ್ಟು ಹೊತ್ತು ವಿಡಿಯೊ ಓಡಿಸಿ, ಫ್ಯಾನ್ ಸದ್ದು ಕೇಳಿ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಹೆಸರು, ಕೋರ್ ಸಂಖ್ಯೆ ಅಲ್ಲೇ ಕಾಣುತ್ತವೆ. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸುವ ಖರ್ಚನ್ನೂ ಚೌಕಾಸಿಯಲ್ಲಿ ಸೇರಿಸಿಕೊಳ್ಳಿ.