ಮೂರು ಕೋಣೆಗೆ ಎಷ್ಟು ವ್ಯಾಟ್ ಬೇಕು?

ಪ್ರಶ್ನೆ: ಬಸವೇಶ್ವರನಗರದಲ್ಲಿ 30x40 ನಿವೇಶನದಲ್ಲಿ ಕಟ್ಟಿದ ಮೂರಂತಸ್ತಿನ ಮನೆ ನಮ್ಮದು. ಮೊಬೈಲಿನಲ್ಲಿರುವ ಭಾವಗೀತೆ, ಹರಿಕಥೆಗಳನ್ನು ಅಡುಗೆಮನೆ, ತಾಯಿಯ ಕೋಣೆ, ತಾರಸಿ ಮೂರೂ ಕಡೆಯ ರೇಡಿಯೊಗಳಲ್ಲಿ ಒಟ್ಟಿಗೆ ಕೇಳಬೇಕೆಂಬ ಆಸೆ. ಎಸ್.ಪಿ. ರಸ್ತೆಯಲ್ಲಿ ಒಂದು ವ್ಯಾಟ್‌ನ ಎಫ್‌ಎಂ ಟ್ರಾನ್ಸ್‌ಮಿಟರ್ ತೋರಿಸಿದರು. ಕೊಳ್ಳಬಹುದೇ?

ಉತ್ತರ: ದಯವಿಟ್ಟು ಬೇಡ. ಯುರೋಪಿನಲ್ಲಿ ಮನೆ, ಕಾರುಗಳ ಬಳಕೆಗೆ ಬಿಟ್ಟಿರುವ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್‌ಗಳ ಮಿತಿ 50 ನ್ಯಾನೋವ್ಯಾಟ್. ಬ್ರಿಟನ್ 2006ರ ಡಿಸೆಂಬರಿನಲ್ಲಿ ಒಪ್ಪಿಕೊಂಡದ್ದೂ ಇದನ್ನೇ. ನಿಮಗೆ ತೋರಿಸಿದ ಯಂತ್ರದ ಶಕ್ತಿ ಅದರ 2 ಕೋಟಿ ಪಟ್ಟು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಆರಂಭಿಸಿದಾಗ ಬಳಸಿದ್ದು 30 ವ್ಯಾಟ್, ಅದು ಊರಿಗೆಲ್ಲ ಕೇಳಿಸಲೆಂದೇ ಇಟ್ಟದ್ದು. ನಿಮಗೆ ಬೇಕಿರುವುದು ಮೂರು ಕೋಣೆ.

ಹೆಚ್ಚು ಶಕ್ತಿಯಿದ್ದರೆ ನಷ್ಟವೇನು? ಒಂದೇ ಕಂಪನಾಂಕದಲ್ಲಿ ಎರಡು ಸಂಕೇತ ಬಂದರೆ ಎಫ್‌ಎಂ ರೇಡಿಯೊ ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ. ಬಲವಾದದ್ದನ್ನು ಹಿಡಿದುಕೊಂಡು ಇನ್ನೊಂದನ್ನು ಪೂರ್ತಿ ಅಡಗಿಸುತ್ತದೆ. ವಿಜಯನಗರ, ರಾಜಾಜಿನಗರ, ನಿಮ್ಮ ಬಡಾವಣೆ ಎಲ್ಲ ಕಡೆಯೂ ಗೋಡೆಗೆ ಗೋಡೆ ತಾಗುವಂತೆ ಮನೆಗಳಿವೆ. ಪಕ್ಕದ ಮನೆಯ ಹಿರಿಯರು ವಿವಿಧ ಭಾರತಿ ಕೇಳುತ್ತಿದ್ದಾಗ ಅದು ಇದ್ದಕ್ಕಿದ್ದಂತೆ ಮಾಯವಾದರೆ, ಕಾರಣ ನಿಮ್ಮ ಮನೆಯಲ್ಲಿದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಅಗ್ಗದ ಯಂತ್ರಗಳು ತಮ್ಮ ಕಂಪನಾಂಕದ ಆಚೀಚೆಗೂ ಕಸ ಚೆಲ್ಲುತ್ತವೆ. ಎಫ್‌ಎಂ ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿದರೆ ಅಲ್ಲಿಂದಲೇ ವಿಮಾನಗಳಿಗೆ ದಾರಿ ತೋರುವ ಸಂಕೇತಗಳ ಪಟ್ಟಿ ಶುರು.

ಕಾನೂನೂ ಇದೆ. ಅನುಮತಿಯಿಲ್ಲದೆ ರೇಡಿಯೊ ಪ್ರಸಾರ ಮಾಡುವುದು ನಮ್ಮಲ್ಲಿ ಅಪರಾಧ. ಬಿಹಾರದ ಮನ್ಸೂರ್‌ಪುರದ ಯುವಕನೊಬ್ಬ ಕೈಯಾರೆ ಕಟ್ಟಿ ಊರಿಗೇ ಪ್ರಿಯವಾಗಿದ್ದ ಎಫ್‌ಎಂ ಕೇಂದ್ರವನ್ನು 2006ರಲ್ಲಿ ಮುಚ್ಚಿಸಿದರು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ದಾಖಲೆ ತೋರಿಸದಿದ್ದರೆ ಎಷ್ಟೇ ಚಿಕ್ಕದಾದರೂ ಕೊಳ್ಳಬೇಡಿ.

ಅನುಮೋದಿತ ಪುಟ್ಟ ಯಂತ್ರವೇ ಸಿಕ್ಕಿತೆನ್ನಿ. ಆಗ ಮುಖ್ಯವಾಗಿ ನೋಡಬೇಕಾದದ್ದು ಕಂಪನಾಂಕದ ಸ್ಥಿರತೆ. ಒಂದೇ ಟ್ರಾನ್ಸಿಸ್ಟರಿನ ಕಿಟ್‌ಗಳಲ್ಲಿ ಸುರುಳಿಯನ್ನು ಹಿಗ್ಗಿಸಿ ಕುಗ್ಗಿಸಿ ಕಂಪನಾಂಕ ಹೊಂದಿಸಬೇಕು. ಸೆಕೆ ಏರಿದರೆ, ಕೈ ಹತ್ತಿರ ಬಂದರೆ ಅದು ಜಾರುತ್ತದೆ. ವಿದ್ಯಾರ್ಥಿ ಕಲಿಯಲು ಸರಿ, ಮನೆಮಂದಿ ದಿನವೂ ಹಾಡು ಕೇಳಲು ಅಲ್ಲ. ಕ್ರಿಸ್ಟಲ್ ಮತ್ತು ಪಿಎಲ್‌ಎಲ್ ಇರುವ, ಅಂಕಿಯಲ್ಲಿ ಕಂಪನಾಂಕ ತೋರಿಸುವ ಯಂತ್ರವನ್ನೇ ಆರಿಸಿ. ರೋಮ್ ಕಂಪನಿಯ ಹೆಸರಾಂತ ಬಿಎಚ್1417 ಚಿಪ್ ಇರುವವು ಒಳ್ಳೆಯವೇ. ಆದರೆ ಅವುಗಳಲ್ಲಿ ಸಿಗುವುದು 87.7ರಿಂದ 88.9 ಮತ್ತು 106.7ರಿಂದ 107.9ರ ನಡುವಿನ 14 ಕಂಪನಾಂಕ ಮಾತ್ರ. ಬೆಂಗಳೂರಿಗೆ ಎಲ್ಲ ಕಂಪನಾಂಕವನ್ನೂ ಆರಿಸಬಲ್ಲ ಯಂತ್ರ ವಾಸಿ. ಇಲ್ಲಿ ಖಾಲಿ ಜಾಗ ಹುಡುಕುವುದೇ ಕಷ್ಟ: 91.1, 91.9, 92.7, 93.5, 94.3 ಎಂದು ಕೇಂದ್ರಗಳು ಸಾಲಾಗಿ ಕೂತಿವೆ. ಮುಂದೆ 95, 98.3, ಆಕಾಶವಾಣಿಯ 101.3 ಮತ್ತು 102.9, ಆಮೇಲೆ 104. ಕೆಳಗೆ 90.4ರಲ್ಲಿ ಸಮುದಾಯ ಬಾನುಲಿ. 96ರಿಂದ 97.5ರ ನಡುವೆ ಮೊದಲು ಹುಡುಕಿ ನೋಡಿ. ಮೂರೂ ರೇಡಿಯೊಗಳಲ್ಲಿ, ಹಗಲೂ ರಾತ್ರಿಯೂ ಬರಿಯ ಭುಸುಗುಟ್ಟುವಿಕೆ ಕೇಳಿಸಿದರಷ್ಟೇ ಅದು ಖಾಲಿ.

ಇನ್ನೊಂದು ಮಾತು: ತಾಯಿಯವರ ರೇಡಿಯೊದಲ್ಲಿ ಎಫ್‌ಎಂ ಇದೆಯೇ? ಹಳೆಯ ಎರಡು ಬ್ಯಾಂಡಿನ ಪೆಟ್ಟಿಗೆಗಳಲ್ಲಿ ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ ಇರುತ್ತವೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಅದರಲ್ಲಿ ಬಂದೀತು, ನಿಮ್ಮ ಟ್ರಾನ್ಸ್‌ಮಿಟರ್ ಬರಲಾರದು. ಕೊಳ್ಳುವ ಮುನ್ನ ಡಯಲಿನಲ್ಲಿ 88–108 ಇದೆಯೇ ನೋಡಿಬಿಡಿ.

ಯಂತ್ರವನ್ನು ನಡುವಿನ ಅಂತಸ್ತಿನಲ್ಲಿ, ಮೆಟ್ಟಿಲ ಬಳಿ ಇಡಿ. ಕಾಂಕ್ರೀಟ್ ಚಾವಣಿಯೊಳಗಿನ ಕಬ್ಬಿಣ ಸಂಕೇತವನ್ನು ಕುಗ್ಗಿಸುತ್ತದೆ, ಮೆಟ್ಟಿಲ ತೆರವು ಅದನ್ನು ಬಿಡುತ್ತದೆ. ಒಂದು ಮೂಲೆಯಲ್ಲಿ ಕೇಳಿಸದಿದ್ದರೆ ಶಕ್ತಿ ಹೆಚ್ಚಿಸಬೇಕಿಲ್ಲ. ಈ ತರಂಗಗಳ ಉದ್ದ ಸುಮಾರು 3 ಮೀಟರ್. ಗೋಡೆಗಳಿಗೆ ಬಡಿದು ಮರಳಿದ ತರಂಗ ಕೆಲವೆಡೆ ಮೂಲ ತರಂಗವನ್ನೇ ಅಳಿಸುತ್ತದೆ. ರೇಡಿಯೊವನ್ನು 75 ಸೆಂಟಿಮೀಟರ್‌ನಷ್ಟು ಸರಿಸಿದರೆ ಬಹುಪಾಲು ಸರಿಹೋಗುತ್ತದೆ. ಗುಂಯ್‌ಗುಡುವ ಸದ್ದಿದ್ದರೆ ಅಡಾಪ್ಟರ್ ಬಿಟ್ಟು ಪವರ್‌ಬ್ಯಾಂಕಿನಿಂದ ನಡೆಸಿ ನೋಡಿ. ಪ್ರಿ-ಎಂಫಸಿಸ್ ಎಂಬ ಆಯ್ಕೆಯಿದ್ದರೆ ನಮ್ಮ ದೇಶಕ್ಕೆ 50 ಮೈಕ್ರೋಸೆಕೆಂಡ್. ಅಮೆರಿಕದ 75ರಲ್ಲಿ ಬಿಟ್ಟರೆ ಸ, ಶ ಅಕ್ಷರಗಳು ಚುಚ್ಚುತ್ತವೆ. ಹರಿಕಥೆಗೆ ಸ್ಟೀರಿಯೊ ಬೇಡ. ಮೋನೊದಲ್ಲಿ ಗದ್ದಲ ಎಷ್ಟೋ ಕಡಿಮೆ, ಅಷ್ಟೇ ಶಕ್ತಿಯಲ್ಲಿ ಧ್ವನಿ ಇನ್ನೂ ದೂರಕ್ಕೆ ಶುದ್ಧವಾಗಿ ತಲುಪುತ್ತದೆ.

ಅನುಮೋದಿತ ಯಂತ್ರ ಸಿಗದಿದ್ದರೆ ತಂತಿ ಇದ್ದೇ ಇದೆ. 2000ದ ದಶಕದ ಆರಂಭದಲ್ಲಿ, ಹಳ್ಳಿಗಳಿಗೆ ಬಾನುಲಿ ಪರವಾನಗಿ ಸಿಗದ ಕಾಲಕ್ಕೆ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಬಲ್ ಮೂಲಕವೇ ಮನೆಗಳಿಗೆ ತಲುಪುತ್ತಿತ್ತು. ಮೊಬೈಲಿನಿಂದ ಒಂದು ಪುಟ್ಟ ಆಂಪ್ಲಿಫೈಯರ್‌ಗೆ, ಅಲ್ಲಿಂದ ಮೂರೂ ಕಡೆಯ ಸ್ಪೀಕರ್‌ಗಳಿಗೆ ಜೋಡಿ ತಂತಿ ಎಳೆಸಿ. ಮೂರು ಸ್ಪೀಕರ್‌ಗಳನ್ನು ಒಟ್ಟಿಗೆ ಜೋಡಿಸುವಾಗ ಆಂಪ್ಲಿಫೈಯರ್ ಹೊರಬಲ್ಲ ಓಮ್ ಎಷ್ಟೆಂದು ಮಾತ್ರ ಮೊದಲೇ ಕೇಳಿಕೊಳ್ಳಿ.